ಲೆಕ್ಕ ಬರೆಯದ ಮುಯ್ಯಿ

ನಮ್ಮ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ಅಂತ ಒಂದಿರುತ್ತೆ, ನೀವೂ ನೋಡಿರ್ತೀರಿ. ಮನೆಯವರಲ್ಲಿ ಅಕ್ಷರ ಚೆನ್ನಾಗಿರುವ ಒಬ್ಬರು ಕೂತು ಯಾರು ಎಷ್ಟು ಮುಯ್ಯಿ ಹಾಕಿದರು ಅಂತ ಊರು, ಹೆಸರು ಸಮೇತ ಬರೆದುಕೊಳ್ತಾರೆ. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಪುಸ್ತಕ ತೆಗೆದು ನೋಡಿ, ಅಷ್ಟಕ್ಕೆ ಕಡಿಮೆಯಿಲ್ಲದಂತೆ ತೀರಿಸಬೇಕು. ಲೆಕ್ಕ ಅಂದ್ರೆ ಲೆಕ್ಕ!

ಈ ಪುಸ್ತಕವೇ ಇಲ್ಲದೆ, ಮುಖ ನೋಡದ ಜನರ ನಡುವೆ, ದೇಶ ದೇಶಗಳ ನಡುವೆ ಮುಯ್ಯಿ ನಡೆಯಬಹುದಾ? ನಡೆದಿದೆ. ಅದರ ಕತೆಯನ್ನೇ ಇವತ್ತು ಹೇಳೋಣ ಅಂತ. ನೆಪ, ನನ್ನ ಹತ್ತಿರ ಇರುವ ಒಂದು ಬಿಸ್ಕತ್ತಿನ ಡಬ್ಬಿ. ಅದರ ತುಂಬ ಚಿತ್ರದ ಪೋಸ್ಟ್‌ಕಾರ್ಡುಗಳು. ಫಿನ್‌ಲ್ಯಾಂಡಿನ ಹಿಮ, ತೈವಾನಿನ ಒಂದು ರೈಲು, ಜರ್ಮನಿಯ ಯಾವುದೋ ಊರಿನ ಗಡಿಯಾರ. ಬರೆದವರನ್ನೆಲ್ಲ ನಾನು ಕಂಡಿರೋದು ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ, ಕೆಲವರನ್ನು ಅಲ್ಲೂ ಕಂಡಿಲ್ಲ. "ಗುರುತಿಲ್ಲದವರಿಗೆಲ್ಲ ಮನೆ ವಿಳಾಸ ಕೊಡ್ತೀಯಲ್ಲೋ" ಅಂತ ಅಮ್ಮನ ಆಕ್ಷೇಪ. ಆದರೂ ಕಾರ್ಡು ಬಂದ ದಿನ ಮೊದಲು ಓದುವವರು ಅಮ್ಮನೇ. ಅಲ್ಲ, ತಪ್ಪಾಯ್ತು, ಮೊದಲು ಓದೋದು ಪೋಸ್ಟ್‌ಮ್ಯಾನ್ :-) "ಇದು ಯಾವ ಊರು ಸಾರ್, ಚೆನ್ನಾಗಿದೆಯಲ್ಲ" ಅಂತ ಕೇಳಿಯೇ ಕೈಗೆ ಕೊಡ್ತಾರೆ.

ಹೀಗೆ ಎಲ್ಲರ ಕಣ್ಣಿಗೂ ಬೀಳುವ ಕಾಗದ ಯಾರಿಗೆ ಬೇಕು ಅನ್ನೋದೇ ಪೋಸ್ಟ್‌ಕಾರ್ಡಿಗೆ ಎದುರಾದ ಮೊದಲ ತಕರಾರು. 1865ರಲ್ಲಿ ಜರ್ಮನ್ ಅಂಚೆ ಅಧಿಕಾರಿಗಳ ಒಂದು ಸಮ್ಮೇಳನ ಕಾರ್ಲ್ಸ್‌ರೂಎ ಎಂಬ ಊರಿನಲ್ಲಿ ನಡೆಯಿತು. ಹೈನ್ರಿಕ್ ಫಾನ್ ಸ್ಟೆಫಾನ್ ಎಂಬ ಅಧಿಕಾರಿ ಅಲ್ಲಿ, ಲಕೋಟೆಯಿಲ್ಲದ ಒಂದು ಗಟ್ಟಿ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಕಳಿಸುವಂತಾಗಬೇಕು ಎಂದು ಸೂಚಿಸಿದರು. ತೆರೆದ ಪತ್ರ ಅಂದ್ರೆ ಅಸಭ್ಯ ಅನ್ನಿಸಿತೋ ಏನೋ, ಸೂಚನೆ ಬಿದ್ದುಹೋಯಿತು. ನಾಲ್ಕು ವರ್ಷದ ಮೇಲೆ ಆಸ್ಟ್ರಿಯಾದ ಅರ್ಥಶಾಸ್ತ್ರದ ಮೇಷ್ಟ್ರು ಇಮ್ಯಾನುಯೆಲ್ ಹರ್ಮನ್ ಪತ್ರಿಕೆಯೊಂದರಲ್ಲಿ ಇದನ್ನೇ ಇನ್ನೊಂದು ದಾರಿಯಲ್ಲಿ ಹೇಳಿದರು. ಸಣ್ಣ ಸುದ್ದಿಗೂ ದೊಡ್ಡ ಕಾಗದಕ್ಕೂ ಒಂದೇ ಖರ್ಚು ಯಾಕೆ ಅನ್ನೋದು ಅವರ ವಾದ. ಅಲ್ಲಿನ ಅಂಚೆ ಇಲಾಖೆ ಒಪ್ಪಿತು. 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೇರಿಯಲ್ಲಿ ಜಗತ್ತಿನ ಮೊದಲ ಸರ್ಕಾರಿ ಪೋಸ್ಟ್‌ಕಾರ್ಡು ಮಾರಾಟಕ್ಕೆ ಬಂತು. ಕಾಗದಕ್ಕೆ 5 ಕ್ರಾಯ್ಟ್ಸರ್ ಇದ್ದಾಗ ಇದಕ್ಕೆ 2. ಮೊದಲ ಮೂರು ತಿಂಗಳಲ್ಲೇ ಸುಮಾರು 30 ಲಕ್ಷ ಕಾರ್ಡು ಖರ್ಚಾದವು. ಅಸಭ್ಯ ಅಂದವರೂ ಒಂದೆರಡು ಕೊಂಡಿರಬೇಕು!

ಕಾರ್ಡೇನೋ ಹುಟ್ಟಿತು. ಆದರೆ ಅದು ಗಡಿ ದಾಟೋದು ಹೇಗೆ? ನನ್ನನ್ನು ಹಿಡಿದಿಟ್ಟಿರೋ ಭಾಗ ಇದೇ.

ಆಗ ಪರದೇಶಕ್ಕೆ ಒಂದು ಕಾಗದ ಕಳಿಸೋದು ದೊಡ್ಡ ಫಜೀತಿಯಾಗಿತ್ತು. ಪ್ರತಿ ಎರಡು ದೇಶಗಳ ನಡುವೆ ಪ್ರತ್ಯೇಕ ಒಪ್ಪಂದ. ಹಡಗು ಯಾವ ದಾರಿಯಲ್ಲಿ ಹೋಗುತ್ತೆ ಅನ್ನೋದರ ಮೇಲೆ ಬೇರೆ ಬೇರೆ ದರ. ನಡುವೆ ಸಿಗುವ ದೇಶಕ್ಕೆ ಇಷ್ಟು, ತಲುಪಿಸುವ ದೇಶಕ್ಕೆ ಇಷ್ಟು, ಹಡಗಿನವನಿಗೆ ಇಷ್ಟು ಅಂತ ಒಂದೊಂದು ಕಾಗದದ ದುಡ್ಡನ್ನೂ ಹಂಚಬೇಕು. ತೂಕದ ಲೆಕ್ಕವೂ ಒಂದೊಂದು ಕಡೆ ಒಂದೊಂದು ಥರ. 1863ರಲ್ಲಿ ಅಮೆರಿಕದ ಪೋಸ್ಟ್‌ಮಾಸ್ಟರ್ ಜನರಲ್ ಮಾಂಟ್‌ಗೊಮೆರಿ ಬ್ಲೇರ್ ಕರೆದಿದ್ದಕ್ಕೆ 15 ದೇಶದವರು ಪ್ಯಾರಿಸ್ಸಿನಲ್ಲಿ ಸೇರಿದರು. ಕೆಲವು ತತ್ವಗಳಿಗೆ ಒಪ್ಪಿಗೆ ಸಿಕ್ಕಿತೇ ಹೊರತು ಎಲ್ಲರನ್ನೂ ಕಟ್ಟುವ ಒಪ್ಪಂದ ಆಗಲಿಲ್ಲ.

ಅದನ್ನು ಮಾಡಿಸಿದ್ದು ಮತ್ತೆ ಅದೇ ಸ್ಟೆಫಾನ್. ಅಷ್ಟು ಹೊತ್ತಿಗೆ ಅವರು ಜರ್ಮನಿಯ ಅಂಚೆಗೆ ಮುಖ್ಯಸ್ಥರು. 1874ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬರ್ನ್ ನಗರದಲ್ಲಿ 22 ದೇಶಗಳು ಸೇರಿ ಅಕ್ಟೋಬರ್ 9ರಂದು ಸಹಿ ಹಾಕಿದವು. ಆ ಒಪ್ಪಂದದ ಮೊದಲ ಮಾತೇ, ಕಾಗದ ಪತ್ರಗಳ ಮಟ್ಟಿಗೆ ಈ ದೇಶಗಳೆಲ್ಲ ಸೇರಿ ಒಂದೇ ಅಂಚೆ ಪ್ರದೇಶ ಎಂದು. ಯುದ್ಧ ಮಾಡಿಕೊಳ್ಳುತ್ತಿದ್ದ ಸಾಮ್ರಾಜ್ಯಗಳು ಹೀಗೊಂದು ಮಾತಿಗೆ ಸಹಿ ಹಾಕಿದವು ಅನ್ನೋದು ನನಗೆ ಈಗಲೂ ಆಶ್ಚರ್ಯ. ಕಾಗದಕ್ಕೆ 25 ಸೆಂಟಿಮ್‌ನ ಮಟ್ಟದಲ್ಲಿ ಒಂದೇ ದರ, ಕಾರ್ಡಿಗೆ ಅದರ ಅರ್ಧ. ಬೇರೆ ದೇಶದ ಅಂಚೆಚೀಲ ತನ್ನ ನೆಲದ ಮೇಲೆ ಹಾದುಹೋಗೋದನ್ನು ಯಾರೂ ತಡೆಯುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಸ್ಟಾಂಪು ಮಾರಿದ ದುಡ್ಡನ್ನು ಮಾರಿದ ದೇಶವೇ ಪೂರ್ತಿ ಇಟ್ಟುಕೊಳ್ಳಬೇಕು. ತಲುಪಿಸುವ ದೇಶ ಒಂದು ಕಾಸೂ ಕೇಳದೆ ಮನೆ ಬಾಗಿಲಿಗೆ ಮುಟ್ಟಿಸಬೇಕು. ಅವರಿಗೇನು ಲಾಭ ಅಂತೀರಾ? ಕಾಗದ ಬಂದ ಮೇಲೆ ಯಾರಾದರೂ ಉತ್ತರ ಬರೆದೇ ಬರೆಯುತ್ತಾರೆ, ಹೋದದ್ದಕ್ಕೆ ಬಂದದ್ದು ಸರಿಹೋಗುತ್ತೆ, ಒಂದೊಂದಕ್ಕೂ ಲೆಕ್ಕ ಯಾಕೆ ಅನ್ನೋ ನಂಬಿಕೆ, ಅಷ್ಟೇ. ಕಂಪ್ಯೂಟರ್ ನೆಟ್‌ವರ್ಕ್ ಕೆಲಸದಲ್ಲಿರುವವರಿಗೆ ಇದು ಹೊಸದಲ್ಲ. ದೊಡ್ಡ ಇಂಟರ್ನೆಟ್ ಕಂಪನಿಗಳು ಎಷ್ಟೋ ಕಡೆ ಪರಸ್ಪರರ ಟ್ರಾಫಿಕ್ಕನ್ನು ಬಿಲ್ಲಿಲ್ಲದೆ ಸಾಗಿಸೋದು ಇದೇ ತರ್ಕದ ಮೇಲೆ.

ಭಾರತ ಈ ಒಕ್ಕೂಟಕ್ಕೆ ಸೇರಿದ್ದು 1876ರಲ್ಲಿ. ನಮ್ಮಲ್ಲಿ ಪೋಸ್ಟ್‌ಕಾರ್ಡು ಬಂದಿದ್ದು 1879ರ ಜುಲೈ 1ಕ್ಕೆ. ದೇಶದೊಳಗೆ ಕಾಲಾಣೆ. ಒಕ್ಕೂಟದ ಪರದೇಶಗಳಿಗೆ ಒಂದೂವರೆ ಆಣೆ. ಅಂದ್ರೆ ಒಂದು ರೂಪಾಯಿಗೆ ದೇಶದೊಳಗೆ 64 ಕಾರ್ಡು. ಬಡವರ ಕೈಗೆ ಸಿಕ್ಕ ಮೊದಲ ಅಗ್ಗದ ಸಂಪರ್ಕ ಅಂದ್ರೆ ಇದೇ ಇರಬೇಕು. ನಮ್ಮಜ್ಜಿ ಮನೆಯ ಗೋಡೆಗೆ ಕೊಕ್ಕೆ ಬಗ್ಗಿಸಿದ ಒಂದು ತಂತಿ ನೇತು ಹಾಕಿತ್ತು. ಬಂದ ಕಾರ್ಡನ್ನೆಲ್ಲ ಅದಕ್ಕೆ ಚುಚ್ಚೋದು. ನಾನು ಸಣ್ಣವನಿದ್ದಾಗ ಅದರಲ್ಲಿದ್ದ ಕಾರ್ಡುಗಳನ್ನು ಓದಿದ್ದೇನೆ. ಎಲ್ಲದರಲ್ಲೂ ಇಲ್ಲಿ ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಅನ್ನೋ ಧಾಟಿ. ಸಾವಿನ ಸುದ್ದಿ ತಂದದ್ದು ಮಾತ್ರ ಒಂದೂ ಇರಲಿಲ್ಲ. ಅಂಥದ್ದನ್ನು ಓದಿದ ಕೂಡಲೇ ಹರಿದು ಹಾಕ್ತಿದ್ದರಂತೆ, ಮನೆಯೊಳಗೆ ಇಡ್ತಿರಲಿಲ್ಲ.

ಚಿತ್ರದ ಕಾರ್ಡಿನದು ಇನ್ನೊಂದು ಕತೆ. ಮೊದಮೊದಲು ಕಾರ್ಡಿನ ಒಂದು ಬದಿ ವಿಳಾಸಕ್ಕೇ ಮೀಸಲು. ಬರೆಯೋದೇನಿದ್ದರೂ ಇನ್ನೊಂದು ಬದಿಯಲ್ಲಿ, ಚಿತ್ರದ ಸುತ್ತ ಸಿಕ್ಕ ಸಂದಿಯಲ್ಲಿ. 1902ರಲ್ಲಿ ಬ್ರಿಟನ್ ವಿಳಾಸದ ಬದಿಯ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಎಂದಿತು. ಅಮೆರಿಕ ಒಪ್ಪಿದ್ದು 1907ರಲ್ಲಿ. ಒಂದು ಗೆರೆಯಿಂದ ಇಡೀ ಇನ್ನೊಂದು ಬದಿ ಚಿತ್ರಕ್ಕೆ ಬಿಡುವಾಯಿತು. ಆಮೇಲೆ ಹುಚ್ಚೇ ಹಿಡಿದುಬಿಟ್ಟಿತು ಜನಕ್ಕೆ. 1908ರ ಜೂನ್‌ಗೆ ಮುಗಿದ ಒಂದೇ ವರ್ಷದಲ್ಲಿ ಅಮೆರಿಕದ ಅಂಚೆಯಲ್ಲಿ 67 ಕೋಟಿಗೂ ಹೆಚ್ಚು ಕಾರ್ಡುಗಳು ಹೋದವು. ಆಗ ಆ ದೇಶದ ಜನಸಂಖ್ಯೆ 9 ಕೋಟಿಯೂ ಇರಲಿಲ್ಲ. ನಮ್ಮೂರೂ ಹಿಂದೆ ಬೀಳಲಿಲ್ಲ. ಹಿಗ್ಗಿನ್‌ಬಾಥಮ್ಸ್ ಪುಸ್ತಕದಂಗಡಿಯವರು ಬೆಂಗಳೂರು, ಮೈಸೂರಿನ ಚಿತ್ರಗಳ ಕಾರ್ಡುಗಳನ್ನು ಮಾರುತ್ತಿದ್ದರು. ಕಬ್ಬನ್ ಪಾರ್ಕ್ ನೂರು ವರ್ಷದ ಹಿಂದೆ ಹೇಗಿತ್ತು ಅಂತ ನೋಡಬೇಕಾದರೆ ನಾವೀಗ ಹುಡುಕೋದು ಇಂಥ ಕಾರ್ಡುಗಳನ್ನೇ.

ಗುರುತಿಲ್ಲದವರ ಜೊತೆ ಕಾರ್ಡು ವಿನಿಮಯ ಇಂಟರ್ನೆಟ್ ಬಂದ ಮೇಲಿನ ಚಟ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಎಸ್ಪೆರಾಂತೊ ಭಾಷೆ ಹುಟ್ಟು ಹಾಕಿದ ಜಾಮೆನ್‌ಹಾಫ್ 1889ರಲ್ಲಿ, ಆ ಭಾಷೆ ಕಲಿತ ಸಾವಿರ ಜನರ ವಿಳಾಸಗಳ ಪಟ್ಟಿಯನ್ನೇ ಅಚ್ಚು ಹಾಕಿಸಿದ್ದರು. 20ನೇ ಶತಮಾನದ ಆರಂಭದ ಎಸ್ಪೆರಾಂತೊ ಪತ್ರಿಕೆಗಳಲ್ಲಿ, ಚಿತ್ರದ ಕಾರ್ಡು ಬದಲಾಯಿಸಿಕೊಳ್ಳೋಣ ಬನ್ನಿ ಎನ್ನುವ ಸಣ್ಣ ಜಾಹೀರಾತುಗಳು ಬರುತ್ತಿದ್ದವು. ಆಮೇಲೆ ಹ್ಯಾಮ್ ರೇಡಿಯೋದವರು. ಆಕಾಶದಲ್ಲಿ ಯಾರದೋ ದನಿ ಸಿಕ್ಕಿ ಮಾತಾಡಿದ ಮೇಲೆ, ಹೌದಪ್ಪಾ ನಾವಿಬ್ಬರೂ ಮಾತಾಡಿದ್ದು ನಿಜ ಅನ್ನೋದಕ್ಕೆ ಸಾಕ್ಷಿಯಾಗಿ ಒಂದು ಕಾರ್ಡು ಕಳಿಸ್ತಾರೆ. ಅದರ ಹೆಸರು ಕ್ಯೂಎಸ್ಎಲ್ ಕಾರ್ಡು. ತಾರೀಖು, ಹೊತ್ತು, ಫ್ರೀಕ್ವೆನ್ಸಿ, ದನಿ ಎಷ್ಟು ಸ್ಪಷ್ಟವಾಗಿತ್ತು ಅನ್ನೋದೆಲ್ಲ ಅದರಲ್ಲಿರುತ್ತೆ. ತಂತಿಯಿಲ್ಲದ ಗೆಳೆತನಕ್ಕೂ ಕೊನೆಗೆ ಕಾಗದದ ರಸೀದಿಯೇ ಬೇಕಾಯಿತು ನೋಡಿ.

ಈಗಿನ ಕಾಲದ ಕೊಂಡಿ ಪೋಸ್ಟ್‌ಕ್ರಾಸಿಂಗ್. ಪೋರ್ಚುಗಲ್‌ನ ಪಾವ್ಲೊ ಮಗಲ್ಯಾಯಿಶ್ ಎಂಬ ಹುಡುಗ ಎಂಜಿನಿಯರಿಂಗ್ ಓದುತ್ತಿದ್ದಾಗ, 2005ರ ಜುಲೈ 14ರಂದು ಇದನ್ನು ಶುರು ಮಾಡಿದ. ಮೊದಲು ಇದು ಓಡುತ್ತಿದ್ದದ್ದು ಅವನ ಮನೆಯ ಬಟ್ಟೆ ಬೀರುವಿನೊಳಗಿಟ್ಟ ಒಂದು ಹಳೇ ಕಂಪ್ಯೂಟರಿನ ಮೇಲೆ. ನಮ್ಮ ಆಫೀಸಿನ ಸರ್ವರ್ ರೂಮ್ ನೆನೆದು ನಗು ಬಂತು :-) ಅಲ್ಲಿಂದ ಸಾಗಿದ ಕಾರ್ಡುಗಳ ಸಂಖ್ಯೆ 5 ಕೋಟಿ ದಾಟಿಯೇ ವರ್ಷಗಳಾದವು. 2011ರಲ್ಲಿ ನೆದರ್‌ಲ್ಯಾಂಡ್ಸ್ ಇದರ ಹೆಸರಲ್ಲಿ ಸ್ಟಾಂಪುಗಳನ್ನೇ ತಂದಿತು.

ವ್ಯವಸ್ಥೆ ಸರಳ. ನೀವು ಕೇಳಿದಾಗ ಯಾರೋ ಒಬ್ಬರ ವಿಳಾಸವೂ ಒಂದು ಸಂಖ್ಯೆಯೂ ಸಿಗುತ್ತೆ. ಭಾರತದಿಂದಾದರೆ ಸಂಖ್ಯೆಯ ಮುಂದೆ ದೇಶದ ಎರಡಕ್ಷರ. ಕಾರ್ಡಿನ ಮೇಲೆ ಆ ಸಂಖ್ಯೆ ಬರೆದು ಡಬ್ಬಿಗೆ ಹಾಕಬೇಕು. ತಲುಪಿದವರು ಅದನ್ನು ನಮೂದಿಸಿದರೆ ಮುಂದಿನ ಸರದಿ ನಿಮ್ಮದು. ಆದರೆ ನಿಮಗೆ ಬರೆಯೋದು ನೀವು ಕಳಿಸಿದವರಲ್ಲ, ಇನ್ಯಾವುದೋ ದೇಶದ ಮತ್ತೊಬ್ಬರು. ನನ್ನ ಕಾರ್ಡು ಫಿನ್‌ಲ್ಯಾಂಡಿಗೆ, ನನಗೆ ಬರೋದು ತೈವಾನಿನಿಂದ.

ಇದನ್ನು ಬರ್ನ್ ಒಪ್ಪಂದದ ಪಕ್ಕ ಇಟ್ಟು ನೋಡಿ. ಎರಡರದೂ ಒಂದೇ ಬುದ್ಧಿ. ನಾನು ನಿನಗೆ ಕೊಟ್ಟೆ, ನೀನು ನನಗೆ ಕೊಡು ಅನ್ನೋದಿಲ್ಲ. ನಾನು ಯಾರಿಗೋ ಕೊಟ್ಟೆ, ಯಾರೋ ನನಗೆ ಕೊಡ್ತಾರೆ, ಒಟ್ಟು ಸೇರಿ ಸರಿಹೋಗುತ್ತೆ. ಗೆಳೆಯರನ್ನು ಹುಡುಕಿಕೊಟ್ಟಿದ್ದು ಇಂಟರ್ನೆಟ್ ಇರಬಹುದು, ಕಾರ್ಡನ್ನು ಹೊತ್ತು ತರೋದು ಮಾತ್ರ 1874ರ ಆ ನಂಬಿಕೆ. ಫಿನ್‌ಲ್ಯಾಂಡಿನಲ್ಲಿ ಅಂಟಿಸಿದ ಸ್ಟಾಂಪಿಗೆ ಗೌರವ ಕೊಟ್ಟು ನಮ್ಮ ಪೋಸ್ಟ್‌ಮ್ಯಾನ್ ಮೂರನೇ ಮಹಡಿ ಹತ್ತಿ ಬರ್ತಾರಲ್ಲ, ಅದರ ಹಿಂದಿರೋದು ಅದೇ.

ಈ ನಂಬಿಕೆ ಬಿರುಕು ಬಿಡದೆ ಉಳಿದಿದೆ ಅಂತ ಹೇಳೋ ಹಾಗಿಲ್ಲ. ಶ್ರೀಮಂತ ದೇಶಗಳಿಂದ ಪತ್ರಿಕೆ, ಪುಸ್ತಕಗಳ ರಾಶಿ ಬರತೊಡಗಿ, ಹಂಚುವವರಿಗೆ ಬರೀ ಖರ್ಚೇ ಉಳಿಯಿತು. 1969ರ ಟೋಕಿಯೋ ಸಭೆಯಲ್ಲಿ, ಹೆಚ್ಚು ಕಳಿಸಿದ ದೇಶ ಹಂಚಿದ ದೇಶಕ್ಕೆ ವ್ಯತ್ಯಾಸದ ದುಡ್ಡು ಕೊಡಬೇಕು ಎಂದಾಯಿತು. 1971ರಿಂದ ಅದು ಜಾರಿಗೂ ಬಂತು. ಅಂದ್ರೆ ಮುಯ್ಯಿ ಪುಸ್ತಕ ತೆರೆದೇಬಿಟ್ಟರು. ತಮಾಷೆ ಅಂದ್ರೆ ಅದೇ ಸಭೆಯಲ್ಲಿ ಭಾರತದ ಪ್ರತಿನಿಧಿ ಆನಂದ ಮೋಹನ ನರುಲಾ ಅವರ ಸಲಹೆಯಂತೆ, ಬರ್ನ್‌ನಲ್ಲಿ ಸಹಿಯಾದ ಅಕ್ಟೋಬರ್ 9ನ್ನು ವಿಶ್ವ ಅಂಚೆ ದಿನ ಎಂದು ಘೋಷಿಸಿದ್ದು. ಆಮೇಲೆ ಚೀನಾದಿಂದ ಬರುವ ಆನ್‌ಲೈನ್ ಅಂಗಡಿಗಳ ಸಣ್ಣ ಪೊಟ್ಟಣಗಳ ಜಗಳ ಎದ್ದು, 2018ರಲ್ಲಿ ಅಮೆರಿಕ ಒಕ್ಕೂಟವನ್ನೇ ಬಿಡ್ತೀನಿ ಅಂತ ನೋಟಿಸು ಕೊಟ್ಟಿತು. 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ಹೇಗೋ ರಾಜಿಯಾಯಿತು. 2020ರಲ್ಲಿ ಕೊರೋನಾ ಬಂದು ವಿಮಾನಗಳು ನಿಂತಾಗ ಎಷ್ಟೋ ದೇಶಗಳ ನಡುವೆ ಕಾಗದವೇ ಹೋಗುತ್ತಿರಲಿಲ್ಲ.

ನನಗೆ ನಿಜವಾಗಿ ಬೇಜಾರಾದದ್ದು ಡೆನ್ಮಾರ್ಕಿನ ಸುದ್ದಿ ಓದಿ. 1624ರಿಂದ ಅಲ್ಲಿ ಕಾಗದ ಹಂಚುತ್ತಿದ್ದ ಸರ್ಕಾರಿ ಅಂಚೆ, 2025ರ ಡಿಸೆಂಬರ್ 30ರಂದು ತನ್ನ ಕೊನೆಯ ಕಾಗದ ಹಂಚಿ ಆ ಕೆಲಸಕ್ಕೆ ಕೈ ಮುಗಿಯಿತು. 2000ದಿಂದೀಚೆಗೆ ಅಲ್ಲಿ ಕಾಗದಗಳು ನೂರಕ್ಕೆ 90ಕ್ಕಿಂತ ಹೆಚ್ಚು ಕಡಿಮೆಯಾಗಿದ್ದವಂತೆ. ರಸ್ತೆಯ ಕೆಂಪು ಡಬ್ಬಿಗಳನ್ನೂ ಕಿತ್ತರು. ಖಾಸಗಿ ಕಂಪನಿಯೊಂದು ಕಾಗದ ತಲುಪಿಸುತ್ತೆ, ನಿಜ. ಆದರೆ ಖಾಸಗಿಯವರು ಲಾಭ ನೋಡಲೇಬೇಕಲ್ಲ. ಎಂಟು ಮನೆಯಿರುವ ಊರಿಗೂ, ಮೂರನೇ ಮಹಡಿಗೂ ಒಂದೇ ದರದಲ್ಲಿ ಹೋಗ್ತೀವಿ ಅನ್ನೋದು ವ್ಯಾಪಾರದ ಮಾತಲ್ಲ. ಅದು ಒಂದು ಸಮಾಜ ಕೊಟ್ಟುಕೊಂಡ ಮಾತು. ಕಾಗದ ಕಡಿಮೆಯಾದಾಗ ಮೊದಲು ಸಡಿಲವಾಗೋದು ಆ ಮಾತೇ.

ನಾನೂ ನೀವೂ ನಾಲ್ಕು ಕಾರ್ಡು ಬರೆದರೆ ಅಂಚೆ ಉಳಿಯುತ್ತಾ ಅಂದ್ರೆ, ಇಲ್ಲ. ಅಷ್ಟು ಲೆಕ್ಕ ನನಗೂ ಬರುತ್ತೆ. ಆದರೆ ಬಳಸುವವರು ಇದ್ದಾಗ ಮಾತ್ರ ಕೇಳುವವರು ಇರುತ್ತಾರೆ. ನಿಮ್ಮ ಬಡಾವಣೆಯ ಕೆಂಪು ಡಬ್ಬಿಯನ್ನು ದಿನಕ್ಕೆಷ್ಟು ಸಲ ತೆಗೀತಾರೆ ಅಂತ ಗೊತ್ತಾ? ನನಗೆ ಗೊತ್ತಾಗಿದ್ದು ಕಾರ್ಡು ಬರೆಯೋಕೆ ಶುರು ಮಾಡಿದ ಮೇಲೆ.

ಮನಸ್ಸಾದರೆ ಅಕ್ಟೋಬರ್ 1ಕ್ಕೆ ಶುರು ಮಾಡಿ. ಆ ಹಳೇ ಆಸ್ಟ್ರಿಯಾದ ಕಾರ್ಡಿನ ನೆನಪಿಗೆ ಅದನ್ನು ಪೋಸ್ಟ್‌ಕಾರ್ಡ್ ದಿನ ಅಂತ ಆಚರಿಸ್ತಾರೆ. ದೇಶದ ಹೆಸರನ್ನು ಕೊನೆಯ ಸಾಲಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೀರಿ. ಸ್ಟಾಂಪನ್ನು ಕೌಂಟರಿನಲ್ಲಿ ಕೇಳಿ ತಗೊಳ್ಳಿ, ಆ ದಿನದ ದರ ಅವರೇ ಹೇಳ್ತಾರೆ. ಒಕ್ಕಣೆಯಲ್ಲಿ ಒಂದೆರಡು ಸಾಲು ಕನ್ನಡವೂ ಇರಲಿ, ಪಕ್ಕದಲ್ಲಿ ಅರ್ಥ ಬರೆದರಾಯಿತು. ನಾನು ಪ್ರತಿ ಕಾರ್ಡಿನಲ್ಲೂ "ಇಲ್ಲಿ ನಾವು ಕ್ಷೇಮ" ಅಂತ ಬರೀತೀನಿ. ಫಿನ್‌ಲ್ಯಾಂಡಿನ ನಿವೃತ್ತ ಟೀಚರ್ ಒಬ್ಬರು ಆ ಅಕ್ಷರಗಳನ್ನು ನೋಡಿಕೊಂಡು, ಸೊಟ್ಟಪಟ್ಟಗೆ, ತಾವೂ ಹಾಗೇ ಬರೆದು ಕಳಿಸಿದ್ದಾರೆ. ಒತ್ತು ಒಂದು ತಪ್ಪಿದೆ, ಆದರೂ ಓದೋಕೆ ಬರುತ್ತೆ.