ಬರಹವಿಲ್ಲದ ಗೋರಿ

1803ನೆಯ ಇಸವಿಯ ಸೆಪ್ಟೆಂಬರ್ 20ರಂದು, ಡಬ್ಲಿನ್ ನಗರದ ಥಾಮಸ್ ಬೀದಿಯಲ್ಲಿ ಸೇಂಟ್ ಕ್ಯಾಥರೀನ್ ಇಗರ್ಜಿಯ ಮುಂದೆ ಸಹಸ್ರಾರು ಜನರ ಕಣ್ಣೆದುರಿಗೆ ಗಲ್ಲಿಗೇರಿ, ಅನಂತರ ಶಿರಚ್ಛೇದಕ್ಕೂ ಗುರಿಯಾದ ರಾಬರ್ಟ್ ಎಮೆಟನ ದೇಹವು ಎಲ್ಲಿ ಮಣ್ಣುಗೂಡಿತೆಂಬುದು ಇಂದಿಗೂ ಯಾರಿಗೂ ತಿಳಿಯದು. ಆಗ ಅವನ ವಯಸ್ಸು ಇಪ್ಪತ್ತೈದು.

ಬಂಡಾಯಗಾರನೆಂದೊಡನೆ ನಾವು ಕಲ್ಪಿಸಿಕೊಳ್ಳುವ ಒರಟುಗಾರ ಅವನಲ್ಲ. ಪ್ರತಿಷ್ಠಿತ ವೈದ್ಯನೊಬ್ಬನ ಮಗ, ಪ್ರಾಟೆಸ್ಟೆಂಟ್ ಮತಸ್ಥ, ಟ್ರಿನಿಟಿ ಕಾಲೇಜಿನಲ್ಲಿ ವಾಗ್ಮಿಯೆಂದು ಹೆಸರಾಗಿ, 1798ರಲ್ಲಿ ರಾಜದ್ರೋಹದ ಶಂಕೆಯಿಂದ ಅದನ್ನು ತೊರೆಯಬೇಕಾಗಿ ಬಂದವನು. ಐರ್ಲೆಂಡಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ದಂಗೆಯೇಳಲು, ತಂದೆಯಿಂದ ಬಂದ ಹಣವನ್ನು ಅವನು ಈಟಿಗಳಿಗೂ ಮದ್ದಿಗೂ ಸುರಿದನು. ಆ ಈಟಿಗಳಲ್ಲಿ ಕೆಲವಕ್ಕೆ ನಡುವೆ ಕೀಲಿಟ್ಟು, ಮಡಿಚಿ ನಿಲುವಂಗಿಯೊಳಗೆ ಮರೆಮಾಡುವಂತೆ ರಚಿಸಿದ್ದನೆಂಬುದನ್ನು ನೋಡಿದರೆ, ಅವನ ಬುದ್ಧಿ ಕೇವಲ ಭಾವುಕನದಾಗಿರಲಿಲ್ಲವೆನ್ನಬೇಕು. ಆದರೆ ಜುಲೈ 16ರಂದು ಮದ್ದಿನ ಮನೆಯೊಂದು ಸಿಡಿದು, ಗುಟ್ಟು ಬಯಲಾಗುವ ಭೀತಿಯಿಂದ ಜುಲೈ 23ಕ್ಕೇ ದಂಗೆಗೆ ದಿನ ಗೊತ್ತಾಯಿತು. ಸಾವಿರಗಟ್ಟಲೆ ಜನರನ್ನು ನಿರೀಕ್ಷಿಸಿದ್ದಲ್ಲಿ ಬಂದವರು ತೀರ ಕಡಮೆ. ಡಬ್ಲಿನ್ ಕೋಟೆಯನ್ನು ಹಿಡಿಯಹೊರಟ ದಂಡು ಬೀದಿಯ ಗಲಭೆಯಾಗಿ ಚೆದುರಿತು. ನ್ಯಾಯಾಧೀಶ ಕಿಲ್ವಾರ್ಡನನನ್ನು ಗಾಡಿಯಿಂದೆಳೆದು ಕೊಂದರು. ಒಂದೇ ರಾತ್ರಿಯಲ್ಲಿ ಎಲ್ಲವೂ ಮುಗಿಯಿತು.

ಸೆರೆಸಿಕ್ಕ ಎಮೆಟನ ಪರವಾಗಿ ವಿಚಾರಣೆಯಲ್ಲಿ ನಿಂತ ವಕೀಲ ಮೆಕ್‌ನಾಲಿಯು ಸರ್ಕಾರದ ಹಣ ತಿನ್ನುತ್ತಿದ್ದ ಗೂಢಚಾರನೆಂಬುದು ಬಹುಕಾಲದ ಮೇಲೆ ಬಯಲಾದ ಸಂಗತಿ. ತನ್ನ ನಾಡು ಸ್ವತಂತ್ರ ರಾಷ್ಟ್ರಗಳ ಸಾಲಿನಲ್ಲಿ ನಿಲ್ಲುವ ತನಕ ತನ್ನ ಗೋರಿಯ ಮೇಲೆ ಯಾರೂ ಏನನ್ನೂ ಬರೆಯದಿರಲೆಂಬ ಅರ್ಥದಲ್ಲಿ ಎಮೆಟನು ಅಂದು ಆಡಿದ ಮಾತು, ಪಾಠಾಂತರಗಳು ಹಲವಿದ್ದಾಗ್ಯೂ, ಐರಿಷ್ ಮನೆಮನೆಯ ಮಾತಾಯಿತು.

ಆ ಮಾತಿನ ಪಕ್ಕದಲ್ಲಿ ಒಂದು ಮೌನವನ್ನೂ ಇಡಬೇಕೆಂದು ನನಗೆ ತೋರುತ್ತದೆ. ರಾತ್‌ಫಾರ್ನಮ್ಮಿನಲ್ಲಿ ಅವನು ಗುಪ್ತವಾಗಿ ವಾಸಿಸಿದ ಮನೆಯಲ್ಲಿ ಮನೆವಾರ್ತೆಯವಳಂತೆ ಇದ್ದ ಆನ್ ಡೆವ್ಲಿನ್ನಳನ್ನು ಸೈನಿಕರು ಬಯನೆಟ್ಟಿನಿಂದ ಚುಚ್ಚಿ, ಎತ್ತಿ ನಿಲ್ಲಿಸಿದ ಗಾಡಿಯ ಮೂಕಿಗೆ ನೇತುಹಾಕಿ, ಅರೆಜೀವವಾದಾಗ ಇಳಿಸಿದರು. ಹಣದ ಆಸೆಯನ್ನೂ ತೋರಿಸಿದರು. ಅವಳು ಬಾಯಿ ಬಿಡಲಿಲ್ಲ. ಮನೆಯವರೆಲ್ಲರೊಡನೆ ಸೆರೆಗೆ ಬಿದ್ದು, 1806ರಲ್ಲಿ ಹೊರಬಂದವಳು, ಬಟ್ಟೆಯೊಗೆದು ಬದುಕಿ, 1851ರಲ್ಲಿ ಕಡುಬಡತನದಲ್ಲಿ ತೀರಿಕೊಂಡಳು. ಚರಿತ್ರಕಾರ ಮ್ಯಾಡನನು ಗ್ಲಾಸ್‌ನೆವಿನ್ ಶ್ಮಶಾನದಲ್ಲಿ ಅವಳಿಗೆ ಹೆಸರು ಕೆತ್ತಿದ ಕಲ್ಲೊಂದನ್ನು ನಿಲ್ಲಿಸಿದನು.