ಗಣಕಚಿತ್ರಗಳಲ್ಲಿ ನೀರಿನ ಮೇಲ್ಮೈ

ಗಣಕಯಂತ್ರದಿಂದ ರಚಿತವಾದ ಚಲಚ್ಚಿತ್ರಗಳಲ್ಲಿ ನೀರನ್ನು ತೋರಿಸುವ ವಿದ್ಯೆಗೆ ೧೯೯೯ನೆಯ ಇಸವಿಯೇ ಸಂಧಿಕಾಲವೆಂದು ಹೇಳುವುದುಂಟು. ಆ ವರ್ಷ ಯೋಸ್ ಸ್ಟಾಮ್ ಎಂಬವರು 'ಸ್ಟೇಬಲ್ ಫ್ಲೂಯಿಡ್ಸ್' ಎಂಬ ಲೇಖನವನ್ನು ಪ್ರಕಟಿಸಿದರು. ಅಂದಿನಿಂದ ದ್ರವಗಳ ಗಣನೆ ಸ್ಥಿರವಾಯಿತೆಂಬುದು ಈ ಅಭಿಪ್ರಾಯದ ತಿರುಳು. ಇದರಲ್ಲಿ ಸತ್ಯಾಂಶವಿದೆ. ಆದರೆ ಗಣನೆಯ ಸ್ಥೈರ್ಯವೊಂದು. ನೋಡುವ ಕಣ್ಣಿಗೆ ನೀರಿನ ಮೇಲ್ಮೈ ನಡುಗದೆ ತೋರುವ ಸ್ಥೈರ್ಯ ಇನ್ನೊಂದು. ಎರಡನ್ನೂ ಒಂದೆಂದೆಣಿಸಿದರೆ ಈ ವಿದ್ಯೆಯ ಚರಿತ್ರೆಯಲ್ಲಿ ಅರ್ಧಭಾಗ ಮರೆಯಾಗಿ ಹೋಗುತ್ತದೆ.

ದ್ರವಗಳ ಚಲನೆಯನ್ನು ನಿರೂಪಿಸುವ ಸಮೀಕರಣಗಳು ಹತ್ತೊಂಬತ್ತನೆಯ ಶತಮಾನದವು. ನೇವಿಯೇ ಮತ್ತು ಸ್ಟೋಕ್ಸ್ ಎಂಬವರ ಹೆಸರಿನಿಂದ ಪ್ರಸಿದ್ಧವಾದವು. ಅವು ದ್ರವದ ಒಳಗಿನ ವೇಗವನ್ನೂ ಒತ್ತಡವನ್ನೂ ತಿಳಿಸುತ್ತವೆ. ನೀರು ಎಲ್ಲಿ ಮುಗಿದು ಗಾಳಿ ಎಲ್ಲಿ ಮೊದಲಾಗುವುದೆಂಬುದನ್ನು ಮಾತ್ರ ಬೇರೆಯಾಗಿಯೇ ಲೆಕ್ಕವಿಡಬೇಕು. ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಶಾಲೆಯಲ್ಲಿದ್ದ ಹಾರ್ಲೋ ಮತ್ತು ವೆಲ್ಚ್ ಎಂಬವರು ೧೯೬೫ರಲ್ಲಿ ಇದಕ್ಕೊಂದು ಮಾರ್ಗವನ್ನು ತೋರಿಸಿದರು. ಅವಕಾಶವನ್ನೆಲ್ಲ ಚೌಕಳಿಯ ಮನೆಗಳಾಗಿ ಭಾಗಿಸಿ, ನೀರಿರುವೆಡೆಯಲ್ಲಿ ಭಾರವಿಲ್ಲದ ಗುರುತುಕಣಗಳನ್ನು ಬಿತ್ತಿ, ಅವನ್ನು ಪ್ರವಾಹದೊಡನೆ ಸಾಗಲು ಬಿಟ್ಟರು. ಕಣವುಳ್ಳ ಮನೆ ನೀರು. ಕಣವಿಲ್ಲದ ಮನೆ ಗಾಳಿ. ಅವರ ಉದ್ದೇಶ ಭೌತಶಾಸ್ತ್ರವೇ ಹೊರತು ಚಿತ್ರವಲ್ಲ. ಚಿತ್ರಕ್ಕಾಗಿ ಈ ಮಾರ್ಗವನ್ನು ೧೯೯೬ರಲ್ಲಿ ಅಳವಡಿಸಿದವರು ಫಾಸ್ಟರ್ ಮತ್ತು ಮೆಟಾಕ್ಸಾಸ್.

ಆ ಗಣನೆಗೊಂದು ಕಟ್ಟುಪಾಡಿತ್ತು. ದ್ರವವು ಒಂದು ಮನೆಯನ್ನು ದಾಟುವುದಕ್ಕಿಂತ ದೀರ್ಘವಾದ ಕಾಲವನ್ನು ಒಂದೇ ಹೆಜ್ಜೆಯಲ್ಲಿ ಎಣಿಸಹೋದರೆ ಅಂಕಿಗಳು ಮಿತಿಮೀರಿ ಬೆಳೆದು ಗಣನೆಯೇ ಕೆಡುತ್ತಿತ್ತು. ಸ್ಟಾಮ್ ಅವರು ಪ್ರತಿಯೊಂದು ಸ್ಥಳದಲ್ಲಿಯೂ ನಿಂತು, ಇಲ್ಲಿಗೆ ಬಂದ ದ್ರವ ಹಿಂದಿನ ಕ್ಷಣದಲ್ಲಿ ಎಲ್ಲಿತ್ತೆಂದು ಹಿಂದಕ್ಕೆ ನೋಡಿ, ಅಲ್ಲಿಯ ಬೆಲೆಗಳನ್ನೇ ತಂದುಕೊಂಡರು. ಹಾಗೆ ತಂದ ಬೆಲೆ ಹಿಂದಿದ್ದ ಬೆಲೆಗಳ ಮಿತಿಯನ್ನು ಮೀರಲಾರದು. ಆದುದರಿಂದ ಗಣನೆ ಕೆಡಲಾರದು. ಈ ಉಪಾಯದ ಮೂಲರೂಪ ಕುರಾಂಟ್, ಐಸಾಕ್ಸನ್, ರೀಸ್ ಎಂಬವರ ೧೯೫೨ರ ಲೇಖನದಲ್ಲಿಯೇ ಇದೆ. ಆದರೆ ಸ್ಟಾಮ್ ಅವರ ಲೇಖನದ ದ್ರವವು ಹೊಗೆಯಂತೆ ಪೆಟ್ಟಿಗೆಯನ್ನೆಲ್ಲ ತುಂಬಿಕೊಂಡಿರುವ ದ್ರವ. ಗಾಳಿಗೆ ತೆರೆದ ಮೇಲ್ಮೈಯ ಪ್ರಶ್ನೆ ಅಲ್ಲಿ ತೀರಲಿಲ್ಲ.

ಮೇಲ್ಮೈ ನಡುಗುವುದೇಕೆ? ಕಣಗಳ ಸುತ್ತ ಒಂದೊಂದು ಪ್ರಭಾವವಲಯವನ್ನು ಕಲ್ಪಿಸಿ, ಅವುಗಳ ಮೊತ್ತ ಗೊತ್ತಾದ ಮಿತಿಯನ್ನು ಮುಟ್ಟುವಲ್ಲಿ ಮೇಲ್ಮೈಯನ್ನೆಳೆಯುವ ಕ್ರಮ ಬ್ಲಿನ್ ಎಂಬವರ ೧೯೮೨ರ ಲೇಖನದಿಂದ ಬಂದುದು. ಅದನ್ನು ತ್ರಿಕೋಣಗಳಾಗಿಸುವ ಪ್ರಸಿದ್ಧ ವಿಧಾನ ಲೊರೆನ್ಸೆನ್ ಮತ್ತು ಕ್ಲೈನ್ ಎಂಬವರದು (೧೯೮೭). ಚಲಚ್ಚಿತ್ರದಲ್ಲಿ ಕ್ಷಣವೊಂದಕ್ಕೆ ೨೪ ಚಿತ್ರಗಳು. ಪ್ರತಿಯೊಂದರಲ್ಲಿಯೂ ಮೇಲ್ಮೈಯನ್ನು ಹೊಸದಾಗಿಯೇ ಹೊಲಿಯಬೇಕು. ಹಿಂದಿನ ಚಿತ್ರದ ನೆನಪು ಅದಕ್ಕಿಲ್ಲ. ಒಂದು ಕಣ ಅತ್ತಿತ್ತ ಸರಿದರೆ ಇಲ್ಲೊಂದು ಉಬ್ಬು ಏಳುತ್ತದೆ, ಅಲ್ಲೊಂದು ಅಡಗುತ್ತದೆ. ಅದರ ಮೇಲೆ, ಮೇಲ್ಮೈ ಒಂದು ಅಂಶ ವಾಲಿದರೆ ಪ್ರತಿಫಲಿಸಿದ ಬೆಳಕು ಎರಡು ಅಂಶ ತಿರುಗುತ್ತದೆ. ಹೀಗೆ ಆಕಾರದ ಸಣ್ಣ ದೋಷವು ಹೊಳಪಿನ ದೊಡ್ಡ ಮಿಣುಕಾಗಿ ಕಾಣುತ್ತದೆ. ನಿಂತ ಚಿತ್ರದಲ್ಲಿ ಕಣ್ಣು ಕ್ಷಮಿಸುವ ಉಬ್ಬನ್ನು ಚಲಿಸುವ ಚಿತ್ರದಲ್ಲಿ ಅದು ಕ್ಷಮಿಸದು.

ಇದಕ್ಕೆ ಪರಿಹಾರಗಳು ಎರಡು ದಾರಿಗಳಲ್ಲಿ ಬಂದುವು. ಆಶರ್ ಮತ್ತು ಸೆಥಿಯನ್ ೧೯೮೮ರಲ್ಲಿ ನಿರೂಪಿಸಿದ ಕ್ರಮದಲ್ಲಿ ಮೇಲ್ಮೈಯನ್ನು ನೇರವಾಗಿ ಎಳೆಯುವುದಿಲ್ಲ. ಚೌಕಳಿಯ ಪ್ರತಿ ಬಿಂದುವಿನಲ್ಲಿಯೂ ಒಂದು ಬೆಲೆಯನ್ನಿಟ್ಟು, ಅದು ಸೊನ್ನೆಯಾಗುವ ಎಡೆಯನ್ನೇ ಮೇಲ್ಮೈಯೆಂದು ತಿಳಿಯುತ್ತಾರೆ. ಸಾಮಾನ್ಯವಾಗಿ ಈ ಬೆಲೆಯು ಮೇಲ್ಮೈಗಿರುವ ದೂರ. ಒಳಗಾದರೆ ಋಣ, ಹೊರಗಾದರೆ ಧನ. ಈ ಲೆಕ್ಕ ಚಿತ್ರದಿಂದ ಚಿತ್ರಕ್ಕೆ ಮುಂದುವರಿಯುವುದರಿಂದ ಮೇಲ್ಮೈಗೆ ನೆನಪುಂಟಾಯಿತು, ನಡುಕವೂ ತಗ್ಗಿತು. ಆದರೆ ನೀರಿನ ಗಾತ್ರವೇ ಕ್ರಮೇಣ ಕರಗತೊಡಗಿತು. ತೆಳುವಾದ ಹಾಳೆಗಳೂ ಹನಿಗಳೂ ಕಾಣೆಯಾದುವು. ಫಾಸ್ಟರ್ ಮತ್ತು ಫೆಡ್ಕಿವ್ ೨೦೦೧ರಲ್ಲಿ ಇದಕ್ಕೆ ಕಣಗಳ ಬೆಂಬಲವನ್ನು ಕೂಡಿಸಿದರು. ಮರುವರ್ಷ ಎನ್‌ರೈಟ್, ಮಾರ್ಷ್ನರ್, ಫೆಡ್ಕಿವ್ ಇವರು ಮೇಲ್ಮೈಯ ಎರಡು ಪಕ್ಕಗಳಲ್ಲಿಯೂ ಕಣಗಳನ್ನಿಟ್ಟರು. ತನ್ನ ಪಕ್ಕವನ್ನು ಬಿಟ್ಟು ಹೋದ ಕಣವೇ ಲೆಕ್ಕದ ತಪ್ಪಿಗೆ ಸಾಕ್ಷಿಯಾಯಿತು. ಅದನ್ನನುಸರಿಸಿ ಮೇಲ್ಮೈಯನ್ನು ತಿದ್ದಿದರು.

ಎರಡನೆಯ ದಾರಿ ಕಣಗಳನ್ನೇ ನಂಬಿದುದು. ಜು ಮತ್ತು ಬ್ರಿಡ್ಸನ್ ೨೦೦೫ರಲ್ಲಿ ನೆರೆಯ ಕಣಗಳ ಸರಾಸರಿ ಸ್ಥಾನವನ್ನು ಕಂಡು, ಅಲ್ಲಿಂದಿರುವ ದೂರದ ಮೇಲೆ ಮೇಲ್ಮೈಯನ್ನು ನಿರ್ಣಯಿಸಿದರು. ಯು ಮತ್ತು ಟರ್ಕ್ ೨೦೧೦ರಲ್ಲಿ ಗುಂಡಾದ ಪ್ರಭಾವವಲಯಗಳನ್ನು ನೆರೆಯ ಕಣಗಳ ಹರವಿಗೆ ತಕ್ಕಂತೆ ಚಪ್ಪಟೆಯಾಗಿಸಿದರು. ಕಣಗಳ ಸ್ಥಾನಗಳನ್ನೂ ನೆರೆಯವುಗಳ ಕಡೆಗೆ ತುಸು ಸರಿಸಿದರು. ಉಬ್ಬುಗಳು ಅಡಗಿದುವು; ತೆಳುವಾದ ಹಾಳೆಗಳು ಬಹುಮಟ್ಟಿಗೆ ಉಳಿದುವು.

ಇವೆಲ್ಲದರಲ್ಲಿಯೂ ಒಂದು ಕೊಡುಕೊಳೆ ತಪ್ಪಲಿಲ್ಲ. ಅತಿಯಾಗಿ ನಯಗೊಳಿಸಿದರೆ ನಡುಕದೊಡನೆ ನಿಜವಾದ ಕಿರುದೆರೆಯೂ ಅಳಿಯುತ್ತದೆ. ನಯಗೊಳಿಸದಿದ್ದರೆ ತೆರೆಯೊಡನೆ ನಡುಕವೂ ಉಳಿಯುತ್ತದೆ. ಆದುದರಿಂದ ೧೯೯೯ರ ಕೀರ್ತಿಯನ್ನು ಕುಂದಿಸದೆಯೇ ಇಷ್ಟನ್ನು ಹೇಳಬಹುದು: ಆ ವರ್ಷ ಗಣನೆಗೆ ದೀರ್ಘವಾದ ಹೆಜ್ಜೆಯನ್ನಿಡುವ ಧೈರ್ಯ ಬಂದಿತು, ಮೇಲ್ಮೈಗೆ ಶಾಂತಿ ಬಂದುದಾದರೋ ಹಿಂದಿನ ಚಿತ್ರದ ನೆನಪಿನಿಂದಲೂ ನೆರೆಯ ಕಣದ ಸಾಕ್ಷ್ಯದಿಂದಲೂ, ಹಲವರ ಕೈಯಲ್ಲಿ, ಮೆಲ್ಲಮೆಲ್ಲನೆ.