ಕೋಳಿ ಸಾಕಣೆಯಲ್ಲಿ ಆಂಟಿಬಯೋಟಿಕ್ ಬಳಕೆ: ಮಾಧ್ಯಮ ವರದಿಗಳು ಮತ್ತು ಸಾಕಣೆದಾರರ ಹೊಣೆ

ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2014ರಲ್ಲಿ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿ, ಶೇ. 40ರಲ್ಲಿ ಆಂಟಿಬಯೋಟಿಕ್ ಶೇಷಾಂಶವಿರುವುದಾಗಿ ಪ್ರಕಟಿಸಿತು. ಈ ವರದಿಯು ಪತ್ರಿಕೆಗಳಲ್ಲಿ ವ್ಯಾಪಕವಾಗಿ ಚರ್ಚೆಗೊಳಗಾದಾಗ ಉದ್ಯಮದ ಪ್ರತಿನಿಧಿಗಳು ಆಕ್ಷೇಪ ವ್ಯಕ್ತಪಡಿಸಿದರು. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಕೋಳಿಗಳಿಗೆ ನೀಡಲಾಗುತ್ತಿರುವ ಬಗ್ಗೆ 2018ರಲ್ಲಿ ಪತ್ರಿಕಾ ವರದಿಗಳು ಬಂದವು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಇದರ ಬಳಕೆಯನ್ನು ಕೇಂದ್ರ ಸರ್ಕಾರವು 2019ರ ಜುಲೈನಲ್ಲಿ ನಿಷೇಧಿಸಿತು.

ಇಂತಹ ವರದಿಗಳಿಗೆ ನಿರಾಕರಣೆಗಿಂತ ದಾಖಲೆಯೇ ಸಮರ್ಪಕ ಉತ್ತರ. ಆದುದರಿಂದ ಸಾಕಣೆದಾರರು:

1. ಪಶುವೈದ್ಯರ ಔಷಧ ಚೀಟಿಯನ್ನು ಕಾಯ್ದಿರಿಸತಕ್ಕದ್ದು.
2. ಔಷಧದ ಹೆಸರು, ಪ್ರಮಾಣ ಹಾಗೂ ನೀಡಿದ ದಿನಾಂಕವನ್ನು ವಹಿಯಲ್ಲಿ ನಮೂದಿಸತಕ್ಕದ್ದು.
3. ಔಷಧ ನಿಲ್ಲಿಸಿದ ನಂತರ ಲೇಬಲ್‌ನಲ್ಲಿ ಸೂಚಿಸಿದ ಅವಧಿ ಮುಗಿಯುವವರೆಗೆ ಮಾರಾಟ ಮಾಡಬಾರದು. ಪ್ರತ್ಯೇಕ ಅವಧಿ ನಿಗದಿಯಾಗಿರದಿದ್ದಲ್ಲಿ, 2012ರ ನಿಯಮದಂತೆ ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ.